ನೇಗಿಲ ಸಾಲಿನ ನಾಣ್ಯ

ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನ ಕೋಲಾರ ಸೀಮೆಯ ಕೆಂಪು ನೆಲದಲ್ಲಿ ರಾಗಿಗಾಗಿ ಹೊಲ ಉಳುವ ರೈತನಿಗೆ ಮಣ್ಣು ಎಂದಿಗೂ ಬರಿಯ ಮಣ್ಣಲ್ಲ. ನೇಗಿಲು ಹಿಂದೆ ಸರಿದು ಟ್ರ್ಯಾಕ್ಟರು ಬಂದಿದ್ದರೂ ಹೆಂಟೆ ಒಡೆದ ಸಾಲಿನ ಮೇಲೆ ಅವನ ಕಣ್ಣು ಓಡುತ್ತಲೇ ಇರುತ್ತದೆ. ಒಮ್ಮೆ ಕಪ್ಪು ಮಡಕೆಯ ಚೂರು, ಒಮ್ಮೆ ತೂತುಳ್ಳ ಮಣಿ, ಬಹು ಅಪರೂಪಕ್ಕೆ ಹಸಿರು ಕಿಲುಬು ಹಿಡಿದ ತಾಮ್ರದ ಬಿಲ್ಲೆಯೊಂದು ಮೇಲಕ್ಕೆ ಬರುತ್ತದೆ. ಅವನು ಅದನ್ನು ಪಂಚೆಯ ಸೆರಗಿನಿಂದ ಒರಸಿ, ಕಣ್ಣಿಗೊತ್ತಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಆ ಕ್ಷಣದಿಂದ ಮುಂದೆ ಆ ಬಿಲ್ಲೆಗೆ ಎರಡು ದಾರಿಗಳಿವೆ. ಒಂದು ಗುಜರಿಯವನ ತಕ್ಕಡಿಗೋ ಅಕ್ಕಸಾಲಿಗನ ಮೂಸೆಗೋ ಹೋಗುವ ದಾರಿ. ಇನ್ನೊಂದು ನಾಡಿನ ಚರಿತ್ರೆಗೆ ಹೋಗುವ ದಾರಿ. ಯಾವುದು ತೆರೆಯುತ್ತದೆ ಎಂಬುದನ್ನು ನಿರ್ಣಯಿಸುವುದು ಆ ನಾಣ್ಯದ ಲೋಹವಲ್ಲ, ಅದರ ತೂಕವೂ ಅಲ್ಲ. ಅದನ್ನು ಕಂಡವರು ಕೇಳುವ ಮೊದಲನೆಯ ಪ್ರಶ್ನೆ. "ಎಷ್ಟು ಬೆಲೆ ಬಾಳುತ್ತದೆ?" ಎಂದು ಕೇಳಿದರೆ ಒಂದು ದಾರಿ. "ಎಲ್ಲಿ ಸಿಕ್ಕಿತು?" ಎಂದು ಕೇಳಿದರೆ ಮತ್ತೊಂದು.

ಚಾಂಪಿಯನ್ ರೀಫ್ಸಿನ ಸುತ್ತಣ ಜನಕ್ಕೆ ಈ ಎರಡು ಪ್ರಶ್ನೆಗಳ ನಡುವಣ ಅಂತರ ಬೇರೆಯವರಿಗಿಂತ ಹೆಚ್ಚಾಗಿ ತಿಳಿದಿರಬೇಕು. ಏಕೆಂದರೆ ಆ ಊರೇ "ಎಲ್ಲಿ" ಎಂಬ ಪ್ರಶ್ನೆಯಿಂದ ಹುಟ್ಟಿದ ಊರು. 1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಎಲ್ಲೆಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತನ ಕಿವಿಗೆ ಈ ಕಡೆಯ ಮಣ್ಣಿನಲ್ಲಿ ಹೊನ್ನಿದೆಯೆಂಬ ಮಾತು ಬಿತ್ತು. ತೋರಿಸಿದವರಿಗೆ ಬಹುಮಾನವೆಂದು ಅವನು ಸಾರಿದಾಗ ಹಳ್ಳಿಗರು ಮಣ್ಣು ತುಂಬಿ ತಂದು ಅವನ ಕಣ್ಣೆದುರಿಗೇ ತೊಳೆದು ಹೊನ್ನಿನ ಕಣಗಳನ್ನು ತೋರಿಸಿದರು. ವಾರೆನ್ ಶ್ರೀಮಂತನಾಗಲಿಲ್ಲ. ಆದರೆ ಊರಿಗಾಂ, ಮಾರಿಕುಪ್ಪಂಗಳ ಹೆಸರು ಹಿಡಿದು ತಾನು ಕಂಡದ್ದನ್ನು ಬರೆದಿಟ್ಟ. ಸುಮಾರು ಏಳು ದಶಕಗಳು ಕಳೆದ ಮೇಲೆ ಆ ಬರಹವೇ ನಿವೃತ್ತ ಸೈನಿಕ ಮೈಕೇಲ್ ಲವೇಲನನ್ನು ಈ ನೆಲಕ್ಕೆ ಎಳೆದು ತಂದಿತು. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಬಂದ ಬಳಿಕವೂ ಕೆಲವು ವರ್ಷ ಹಣ ಕರಗಿತೇ ಹೊರತು ಹೊನ್ನು ಸಿಕ್ಕಲಿಲ್ಲ. ಕಡೆಗೆ ದಾರಿ ತೋರಿದ್ದು ಯಾವ ಯಂತ್ರವೂ ಅಲ್ಲ. ಹೆಸರೂ ಉಳಿಯದ ಪ್ರಾಚೀನ ಗಣಿಗಾರರು ತೋಡಿ ಬಿಟ್ಟುಹೋಗಿದ್ದ ಹಳೆಯ ಕುಳಿಗಳು. ಆ ಕುಳಿಗಳ ಅಡಿಯನ್ನೇ ಹಿಡಿದು ಇಳಿದಾಗ ಚಾಂಪಿಯನ್ ಎಂದು ಹೆಸರಾದ ಶಿಲಾಪದರ ಕಂಡಿತು.

ಬೆಂಕಿಯಿಂದ ಬಂಡೆಯನ್ನು ಕಾಯಿಸಿ, ನೀರೆರಚಿ ಬಿರಿಯಿಸಿ, ಕೈಯುಳಿಯಿಂದ ಕಡಿದು ಇಳಿದಿದ್ದ ಆ ಪುರಾತನರು ಯಾರು? ಹಳೆಯ ಕುಳಿಗಳಲ್ಲಿ ಉಳಿದಿದ್ದ ಮರದ ತುಂಡುಗಳನ್ನು ವಿಜ್ಞಾನಿಗಳು ಇಂಗಾಲದ ಕಾಲಗಣನೆಗೆ ಒಳಪಡಿಸಿದಾಗ ಅವು ಸುಮಾರು ಕ್ರಿ.ಶ. 5ನೆಯ ಶತಮಾನದ ಆಚೀಚಿನವೆಂದು ಕಂಡುಬಂದಿತು. ಕುವಳಾಲಪುರವೆಂಬ ಹೆಸರಿನಿಂದ ಕೋಲಾರವು ಗಂಗರ ಆಳ್ವಿಕೆಯಲ್ಲಿ ತಲೆಯೆತ್ತಿದ ಕಾಲಕ್ಕೆ ಇದು ಹತ್ತಿರವಾದುದು. ಹಾಗೆ ನೋಡಿದರೆ ಗಣಿಯ ತಳದಲ್ಲಿ ಸಿಕ್ಕ ಒಂದು ಹಳೆಯ ಮರದ ತುಂಡು ಹೇಳಿದ ಸಂಗತಿಯನ್ನು ಅದೇ ಗಣಿಯಿಂದ ಹೊರಟ ಎಂಟು ನೂರು ಟನ್ನಿಗೂ ಮಿಕ್ಕ ಚಿನ್ನ ಹೇಳಲಾರದು. ಚಿನ್ನ ಕರಗಿ ಲೋಕದ ಚಿನ್ನದಲ್ಲಿ ಬೆರೆತುಹೋಯಿತು. ಮರದ ತುಂಡು ತಾನಿದ್ದ ಠಾವನ್ನು ಮರೆಯಲಿಲ್ಲ.

ಇನ್ನು ಹೊಲದ ನಾಣ್ಯಕ್ಕೆ ಬರೋಣ. ಬಂಗಾರಪೇಟೆಯ ಸುತ್ತಣ ಸೀಮೆ ಹಲವು ಪ್ರಭುತ್ವಗಳ ಹಾದಿಯಲ್ಲಿದ್ದ ಸೀಮೆ. ಗಂಗರದೆಂದು ಹೇಳಲಾಗುವ ಆನೆಯ ಮುದ್ರೆಯ ಚಿನ್ನದ ಗದ್ಯಾಣ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ, ಕಡಲೆಬೇಳೆಗಿಂತ ಹೆಚ್ಚು ದೊಡ್ಡದಲ್ಲದ ನರಸಿಂಹ ಮುದ್ರೆಯ ಹಣ. ಟೀಪೂ ಸುಲ್ತಾನನ ಆನೆ ಮುದ್ರೆಯ ತಾಮ್ರದ ಕಾಸು: ಇವೆಲ್ಲ ಒಂದು ಕಾಲಕ್ಕೆ ಈ ನಾಡಿನ ಸಂತೆಗಳಲ್ಲಿ ಕೈಯಿಂದ ಕೈಗೆ ಸಾಗಿದುವು. ಇದೇ ತಾಲ್ಲೂಕಿನ ಬೂದಿಕೋಟೆ ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಆ ಹೈದರನ ಚಿನ್ನದ ವರಾಹವನ್ನು ಕೈಯಲ್ಲಿ ಹಿಡಿದು ನೋಡಿದವರು ಬೆರಗಾಗುತ್ತಾರೆ. ಅದರ ಒಂದು ಮುಖದಲ್ಲಿರುವುದು ಶಿವಪಾರ್ವತಿಯರು! ಕೆಳದಿಯ ವೀರಶೈವ ಅರಸರು ಟಂಕಿಸುತ್ತಿದ್ದ ಉಮಾಮಹೇಶ್ವರ ಮುದ್ರೆಯನ್ನು, 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಅಳಿಸಲಿಲ್ಲ. ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಒತ್ತಿಸಿದ. ಜನ ನಂಬಿದ್ದ ನಾಣ್ಯವನ್ನು ಬದಲಿಸಿದರೆ ಸಂತೆ ನಿಲ್ಲುತ್ತದೆಂಬ ವಿವೇಕ ಆ ಯೋಧನಿಗಿತ್ತು. ಹತ್ತು ಪುಟಗಳ ಚರಿತ್ರೆ ವಿವರಿಸಬೇಕಾದ ಮಾತನ್ನು ಬೆರಳ ತುದಿಯಷ್ಟು ಹೊನ್ನು ಒಂದು ನೋಟಕ್ಕೆ ಹೇಳಿಬಿಡುತ್ತದೆ.

ಟೀಪೂವಿನ ತಾಮ್ರದ ಕಾಸಿನ ಬೆಲೆ ಪೇಟೆಯಲ್ಲಿ ಅಲ್ಪ. ಆದರೆ ಅದರ ಹಿಂಬದಿಯಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ: ಪಟ್ಟಣ, ಅಂದರೆ ಶ್ರೀರಂಗಪಟ್ಟಣ, ನಗರ, ಅಂದರೆ ಬಿದನೂರು. ಮಲೆನಾಡಿನ ನಗರದಲ್ಲಿ ಟಂಕವಾದ ಕಾಸೊಂದು ಬಂಗಾರಪೇಟೆಯ ರಾಗಿಯ ಹೊಲದಲ್ಲಿ ದೊರೆತರೆ, ಅದು ಅಡಕೆಯ ವ್ಯಾಪಾರಿಯ ಚೀಲದಲ್ಲಿ ಬಂದಿತೋ, ಸಿಪಾಯಿಯ ಸಂಬಳವಾಗಿ ಬಂದಿತೋ ಎಂದು ವಿಚಾರಿಸಲು ಎಡೆಯುಂಟು. ಅದೇ ಕಾಸನ್ನು ಊರು ಹೇಳದೆ ಮೇಜಿನ ಮೇಲಿಟ್ಟರೆ ಅದು ಟೀಪೂವಿನ ಕಾಸು, ಅಷ್ಟೆ. ಸಾವಿರಾರು ಇವೆ, ಅದೂ ಒಂದು.

ನಾಣ್ಯಗಳು ಮಣ್ಣು ಸೇರಿದ್ದಾದರೂ ಹೇಗೆ? ಕೆಲವು ಸೆರಗಿನಿಂದ ಜಾರಿ ಬಿದ್ದುವು. ಕೆಲವು ತಿಪ್ಪೆಯ ಗೊಬ್ಬರದೊಡನೆ ಹೊಲ ಸೇರಿದುವು. ಆದರೆ ಮಡಕೆಯಲ್ಲಿ ತುಂಬಿ, ಬಾಯಿ ಮುಚ್ಚಿ, ಮರದ ಬುಡದಲ್ಲೋ ಒಲೆಯ ಅಡಿಯಲ್ಲೋ ಹೂತಿಟ್ಟ ನಾಣ್ಯಗಳ ಕಥೆ ಬೇರೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಭೂಮಿತಾಯಿಯೇ ಬಡವನ ಪೆಟ್ಟಿಗೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಲಾರದ ಮೇಲೆ ಹಾದು ಬೆಂಗಳೂರಿಗೆ ನಡೆಯಿತು. ಅಂಥ ಸೈನ್ಯ ಬರುವ ಸುದ್ದಿ ಕೇಳಿದ ಗೃಹಸ್ಥನು ರಾತ್ರಿಯಲ್ಲಿ ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುವುದು ಸಹಜ. ಹೂತವನು ಮರಳಿ ಬಂದಿದ್ದರೆ ತೆಗೆದುಕೊಳ್ಳುತ್ತಿದ್ದ. ಮಡಕೆ ಇನ್ನೂ ಅಲ್ಲಿಯೇ ಇದೆಯೆಂದರೆ ಅವನು ಮರಳಲಿಲ್ಲವೆಂದು ಅರ್ಥ. ಎಲ್ಲ ನಿಧಿಯ ಹಿಂದೆಯೂ ಮನೆಗೆ ಬಾರದ ಒಬ್ಬ ಮನುಷ್ಯನಿದ್ದಾನೆ. ಈ ಮಾತನ್ನು ನೆನೆದವನಿಗೆ ನಿಧಿಯನ್ನು ಮುಟ್ಟುವಾಗ ಕೈ ಕೊಂಚ ನಡುಗದೆ ಇರದು.

ಇಂಥ ನೆಲದ ಮೇಲೆ ಈಗ ಹೊಸತೊಂದು ಉಪಕರಣ ಕಾಲಿಟ್ಟಿದೆ. ಅದೇ ಲೋಹಶೋಧಕ. ಉದ್ದನೆಯ ಕೋಲು, ಕೋಲಿನ ತುದಿಗೆ ತಟ್ಟೆಯಂಥ ಸುರುಳಿ, ಕಿವಿಗೆ ಹೆಡ್‌ಫೋನು. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತ ಸುತ್ತಲೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರ ಮಣ್ಣಿನೊಳಗಿನ ಲೋಹವನ್ನು ತಾಗಿದಾಗ ಲೋಹದಲ್ಲಿ ಸುಳಿಪ್ರವಾಹಗಳೇಳುತ್ತವೆ. ಅವುಗಳಿಂದ ಮರಳಿದ ಸೂಕ್ಷ್ಮ ಕ್ಷೇತ್ರವನ್ನು ಯಂತ್ರ ಗ್ರಹಿಸಿ ಕಿವಿಯಲ್ಲಿ ಸದ್ದು ಮಾಡುತ್ತದೆ. ಇದರ ಜನನವಾದರೂ ಧನದಾಸೆಯಿಂದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡು ತಗುಲಿದಾಗ, ಒಡಲೊಳಗಿನ ಗುಂಡನ್ನು ಹುಡುಕಲು ಟೆಲಿಫೋನಿನ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಯಂತ್ರವನ್ನು ತಂದ. ಮಂಚದ ಉಕ್ಕಿನ ಸ್ಪ್ರಿಂಗುಗಳು ಯಂತ್ರವನ್ನು ಗಲಿಬಿಲಿಗೊಳಿಸಿದುವು, ಗುಂಡು ಸಿಕ್ಕಲಿಲ್ಲ, ಅಧ್ಯಕ್ಷ ಬದುಕಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದೇ ತತ್ತ್ವದ ಉಪಕರಣ ನೆಲಬಾಂಬುಗಳನ್ನು ಹುಡುಕಿ ಅಸಂಖ್ಯ ಯೋಧರ ಪ್ರಾಣವನ್ನು ಉಳಿಸಿತು. ಯುದ್ಧದ ಬಳಿಕ ಅದು ಹವ್ಯಾಸಿಗಳ ಕೈ ಸೇರಿ ಹೊಲಗಳಿಗೆ ಇಳಿಯಿತು.

ಬೆಲ್ಲನ ಮಂಚದ ಪಾಡು ಚಾಂಪಿಯನ್ ರೀಫ್ಸಿನ ಸುತ್ತ ಯಂತ್ರ ಹಿಡಿದು ನಡೆದವನಿಗೂ ತಪ್ಪಿದ್ದಲ್ಲ. ನೂರಿಪ್ಪತ್ತು ವರ್ಷಗಳ ಕಾಲ ಗಣಿ ನಡೆದ ನೆಲವದು. ಹಳಿಯ ಮೊಳೆ, ಉಕ್ಕಿನ ಹಗ್ಗದ ಎಳೆ, ಮುರಿದ ಸಲಾಕೆಯ ತುಣುಕು, ಸೀಮೆಎಣ್ಣೆಯ ಡಬ್ಬದ ಮುಚ್ಚಳ: ಹೆಜ್ಜೆಗೊಂದು ಸದ್ದು. ಕಬ್ಬಿಣದಂಶ ತುಂಬಿದ ಕೆಂಪು ಮಣ್ಣೇ ಯಂತ್ರದ ಕಿವಿಯಲ್ಲಿ ಗುನುಗುತ್ತದೆ. ಸೈನೈಡ್ ದಿಬ್ಬಗಳೆಂದು ಜನ ಕರೆಯುವ ಆ ಬೂದುಬಣ್ಣದ ಗುಡ್ಡಗಳಲ್ಲಿ ಚಿನ್ನದ ಅಂಶ ಇನ್ನೂ ಇದೆಯೆನ್ನುವುದು ನಿಜ. ಆದರೆ ಅದು ಕಣ್ಣಿಗೆ ಕಾಣದ ಕಣಗಳಾಗಿ ಚದುರಿರುವುದರಿಂದ ಕೈಯಂತ್ರಕ್ಕೆ ಕೇಳಿಸದು. ಬಿಡಿ ನಾಣ್ಯವೊಂದು ಅಡಿಯೊಂದರ ಆಳಕ್ಕಿಂತ ಕೆಳಗಿದ್ದರೆ ಅದೂ ಸಾಮಾನ್ಯ ಯಂತ್ರಕ್ಕೆ ಸಿಕ್ಕುವುದು ಕಷ್ಟ. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆದರೂ ಆಸೆ ಬಿಡದು. ಆ ಆಸೆಯನ್ನು ಹೊರಗಿನವರು ಲಘುವಾಗಿ ಹಳಿಯಕೂಡದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಾವಿರಾರು ಸಂಸಾರಗಳ ಅನ್ನದ ದಾರಿ ಒಂದೇ ದಿನದಲ್ಲಿ ಕಡಿಯಿತು. ಅಂದಿನಿಂದ ಬಂಗಾರಪೇಟೆಯ ಹಾದಿಯಾಗಿ ಬೆಂಗಳೂರಿಗೆ ಹೋಗುವ ಮುಂಜಾವಿನ ರೈಲು ಆ ಊರಿನ ದುಡಿಯುವ ಕೈಗಳನ್ನು ಹೊತ್ತುಕೊಂಡು ಹೋಗಿ ರಾತ್ರಿ ಮರಳಿ ತರುತ್ತಿದೆ. ತಾತ ಮೂರು ಕಿಲೋಮೀಟರು ಆಳಕ್ಕೆ ಇಳಿದು ಪರರಿಗಾಗಿ ಹೊನ್ನು ತೆಗೆದ; ಮೊಮ್ಮಗನಿಗೆ ತನ್ನ ಕಾಲಡಿಯಲ್ಲಿ ತನ್ನದೆನ್ನುವ ಒಂದು ಕಾಸಾದರೂ ಇರಬಾರದೆ ಎನ್ನಿಸಿದರೆ ಅದು ಅಪರಾಧವಲ್ಲ, ಹಸಿವು. ಆದರೆ ಹಸಿವಿನ ಹೆಸರಿನಲ್ಲಿ ರಾತ್ರಿಯ ಹೊತ್ತು ಹಾರೆ ಹಿಡಿದು ಬರುವವರು ಬಹುಮಟ್ಟಿಗೆ ಹಸಿದವರಲ್ಲ. ಊರ ಹೊರಗಣ ಹಾಳುಗುಡಿಯ ನಂದಿಯನ್ನು ಒಡೆದು, ಲಿಂಗವನ್ನು ಪೀಠದಿಂದ ಕಿತ್ತು, ವೀರಗಲ್ಲಿನ ಬುಡವನ್ನು ತೋಡಿ ಬಿಟ್ಟುಹೋಗುವ ನಿಧಿಗಳ್ಳರ ಸುದ್ದಿ ಕರ್ನಾಟಕದ ಯಾವ ಜಿಲ್ಲೆಗೂ ಹೊಸದಲ್ಲ. 2019ರ ಜುಲೈ ತಿಂಗಳಿನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ದುರುಳರು ಕೆಡವಿದರು. ನಾಡೆಲ್ಲ ಮರುಗಿತು. ಅವರು ಕೆಡವಿದ್ದು ಕಲ್ಲನ್ನಷ್ಟೇ ಅಲ್ಲ. ಐದು ಶತಮಾನಗಳ ಭಕ್ತಿಯ ಹೊದಿಕೆಯನ್ನು.

ಹಾಗಾದರೆ ಯಂತ್ರವೇ ದುಷ್ಟವೆ? ಅಲ್ಲವೆನ್ನುವುದಕ್ಕೆ ಇಂಗ್ಲೆಂಡಿನ ಒಂದು ಘಟನೆ ಸಾಕ್ಷಿ. 1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸ್‌ನೆ ಎಂಬ ಹಳ್ಳಿಯ ಬೇಸಾಯಗಾರನೊಬ್ಬ ಹೊಲದಲ್ಲಿ ತನ್ನ ಸುತ್ತಿಗೆಯನ್ನು ಕಳೆದುಕೊಂಡ. ಹುಡುಕಿಕೊಡೆಂದು ಲೋಹಶೋಧಕವಿದ್ದ ಗೆಳೆಯ ಎರಿಕ್ ಲಾಸ್‌ನನ್ನು ಕೇಳಿಕೊಂಡ. ಸುತ್ತಿಗೆಗಾಗಿ ಹೋದವನ ಕಿವಿಗೆ ಬಲವಾದ ಸದ್ದು ಕೇಳಿತು. ಅಗೆದರೆ ಬೆಳ್ಳಿಯ ಚಮಚಗಳು, ಚಿನ್ನದ ನಾಣ್ಯಗಳು. ಆಗ ಅವನು ಮಾಡಿದ ಕೆಲಸವೇ ಅವನನ್ನು ದೊಡ್ಡವನನ್ನಾಗಿಸಿತು. ಅವನು ಅಗೆಯುವುದನ್ನು ನಿಲ್ಲಿಸಿದ. ಅಧಿಕಾರಿಗಳಿಗೆ ತಿಳಿಸಿದ. ಮರುದಿನ ಪುರಾತತ್ವಜ್ಞರು ಬಂದು ಪದರಪದರವಾಗಿ ಮಣ್ಣು ಬಿಡಿಸಿದಾಗ 14,865 ರೋಮನ್ ನಾಣ್ಯಗಳೂ ಆಭರಣಗಳೂ ದೊರೆತುವು. ಮಿಗಿಲಾಗಿ, ಕೊಳೆತುಹೋಗಿದ್ದ ಮರದ ಪೆಟ್ಟಿಗೆಯ ಆಕಾರವೂ, ಅದರೊಳಗೆ ಯಾವುದನ್ನು ಎಲ್ಲಿ ಜೋಡಿಸಿದ್ದರೆಂಬುದೂ ತಿಳಿಯಿತು. ಲೋಭದಿಂದ ಗುದ್ದಲಿ ಬೀಸಿದ್ದರೆ ನಾಣ್ಯಗಳು ಉಳಿಯುತ್ತಿದ್ದುವು, ಪೆಟ್ಟಿಗೆ ಅಳಿಯುತ್ತಿತ್ತು. ಸರ್ಕಾರವು ಹದಿನೇಳೂವರೆ ಲಕ್ಷ ಪೌಂಡುಗಳ ಬಹುಮಾನ ಕೊಟ್ಟಿತು. ಲಾಸ್ ಅದನ್ನು ಆ ಬೇಸಾಯಗಾರನೊಡನೆ ಹಂಚಿಕೊಂಡ. ಕಳೆದುಹೋಗಿದ್ದ ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಕನ್ನಡನಾಡಿನಲ್ಲಿಯೂ ಇಂಥ ಪಾಠಗಳಿಗೆ ಕೊರತೆಯಿಲ್ಲ. 1891ರಲ್ಲಿ ಯಶವಂತಪುರದ ಬಳಿ ರೈಲುಹಾದಿಗಾಗಿ ನೆಲ ಕಡಿಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತುವು. 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನನಿಲ್ದಾಣದ ಬಳಿ ಮತ್ತೆ 256 ದೊರೆತುವು. ಊರು, ವರ್ಷ, ಸಂಖ್ಯೆ ದಾಖಲಾದುದರಿಂದಲೇ, ಎರಡು ಸಾವಿರ ವರ್ಷಗಳ ಹಿಂದೆ ಈ ಎತ್ತರದ ಸೀಮೆಗೂ ರೋಮಿನ ವ್ಯಾಪಾರದ ಬೆಳ್ಳಿ ಹರಿದು ಬಂದಿತ್ತೆಂದು ವಿದ್ವಾಂಸರು ಹೇಳಲು ಶಕ್ತರಾದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದಾಗ ರೋಮನ್ ನಾಣ್ಯ, ಶಾತವಾಹನರ ನಾಣ್ಯ, ಮಡಕೆಚೂರು ಇವೆಲ್ಲ ತಮ್ಮ ತಮ್ಮ ಪದರಗಳಲ್ಲಿ ಕಂಡುವು. ಕಾಲ ತಿಳಿದ ನಾಣ್ಯ, ಕಾಲ ತಿಳಿಯದ ಮಡಕೆಗೆ ಸಾಕ್ಷಿ ನುಡಿಯಿತು. ಆ ಮಡಕೆಯ ಚೂರು ಲೋಹವಲ್ಲವಾದ್ದರಿಂದ ಯಾವ ಯಂತ್ರಕ್ಕೂ ಕೇಳಿಸುವುದಿಲ್ಲ. ಸುಟ್ಟ ಕಾಳು, ಬಳೆಯ ಒಡಕು, ಒಲೆಯ ಬೂದಿ ಯಾವುದೂ ಕೇಳಿಸುವುದಿಲ್ಲ. ಲೋಹವೊಂದನ್ನೇ ಕೇಳಬಲ್ಲ ಕಿವಿ ಅರ್ಧ ಕಿವುಡು ಎಂಬುದನ್ನು ಮರೆಯಬಾರದು.

ಎಲ್ಲಕ್ಕೂ ಮಿಗಿಲಾದುದು ಮಸ್ಕಿಯ ನಿದರ್ಶನ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಈಗಿನ ರಾಯಚೂರು ಜಿಲ್ಲೆಯ ಮಸ್ಕಿಯ ಬೆಟ್ಟದಲ್ಲಿ ಚಿನ್ನವನ್ನು ಅರಸುತ್ತಿದ್ದ. ಬಂಡೆಯೊಂದರ ಮೇಲೆ ಅಕ್ಷರಗಳು ಕಂಡುವು. ಅವನಿಗೆ ಅವು ಓದಲು ಬರಲಿಲ್ಲ, ಓದಬಲ್ಲವರಿಗೆ ತಿಳಿಸಿದ. ಅದುವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಸಿಕ್ಕಿದ್ದುವು. ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು! ಹೊನ್ನನ್ನು ಹುಡುಕಿ ಹೊರಟವನಿಗೆ ಭಾರತದ ಚಕ್ರವರ್ತಿಯ ಹೆಸರು ಸಿಕ್ಕಿತು. ಅಂದು ಅವನು ಬಂಡೆಯನ್ನು ಸಿಡಿಮದ್ದಿನಿಂದ ಒಡೆದು ಮುಂದೆ ಸಾಗಿದ್ದರೆ ಕೇಳುವವರು ಯಾರಿದ್ದರು?

ಪೂರ್ವದ ಅರಸರು ಭೂಮಿಯನ್ನು ದಾನವಾಗಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಹೆಸರಿಸಿ ಬರೆಸುತ್ತಿದ್ದರು. ಮಠಮಾನ್ಯಗಳ ಹಳೆಯ ದಾನಪತ್ರಗಳನ್ನು ಬಲ್ಲವರಿಗೆ ಈ ಮಾತು ಪರಿಚಿತವಾದುದೇ. ಅಂದು ನಿಧಿಯು ಭೂಮಿಯೊಡನೆ ಸಾಗಿಬರುವ ಹಕ್ಕಾಗಿತ್ತು. ಇಂದಿನ ಶಾಸನ ಬೇರೆ. 1878ರ ನಿಧಿ ಕಾಯಿದೆಯ ಕಾಲದಿಂದಲೂ, ಮಣ್ಣಿನಲ್ಲಿ ಅಡಗಿದ್ದ ನಿಧಿ ಕಂಡವನು ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು ಎಂಬುದೇ ನಿಯಮ. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆಯೂ ಇದೆ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಹಿಂದಿನ ನಾಣ್ಯವು ಪುರಾವಸ್ತು. ಅದನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಾಯಿದೆಯ ಭಯಕ್ಕೇ ರೈತ ಸಿಕ್ಕಿದ್ದನ್ನು ಮುಚ್ಚಿಡುತ್ತಾನೆ. ತಿಳಿಸಿದರೆ ಕಚೇರಿಗೆ ಅಲೆದಾಟ, ಹೊಲಕ್ಕೆ ಅಗೆತ, ನೆರೆಯವರ ಗುಮಾನಿ ಎಂಬ ಅಂಜಿಕೆ ಅವನದು. ಈ ಅಂಜಿಕೆಯನ್ನು ಕಳೆಯದೆ ಕಾಯಿದೆಯೊಂದರಿಂದಲೇ ಕಾರ್ಯ ಸಾಗದು. ಅಂಜಿಕೆಯನ್ನು ಕಳೆಯತಕ್ಕವರು ಯಾರು? ಅವನ ಮಗನಿಗೆ ಅಕ್ಷರ ಕಲಿಸುವವರು.

ಶರಣರ ಪರಂಪರೆಯಲ್ಲಿ ಈ ವಿಷಯಕ್ಕೆ ಹೊಂದುವ ಎರಡು ಕಥೆಗಳಿವೆ. ಬಿಜ್ಜಳನ ಸಭೆಯಲ್ಲಿ ಯಾರಿಂದಲೂ ಓದಲಾಗದ ಲಿಪಿಯೊಂದನ್ನು ಬಸವಣ್ಣನವರು ಓದಿ, ಸಿಂಹಾಸನದ ಅಡಿಯಲ್ಲಿದ್ದ ನಿಧಿಯನ್ನು ತೋರಿಸಿಕೊಟ್ಟರೆಂದು ಪುರಾಣಗಳು ಹೇಳುತ್ತವೆ. ಹಾರೆ ಹಿಡಿದವನಿಗಲ್ಲ, ಓದಬಲ್ಲವನಿಗೆ ನಿಧಿ ತೆರೆಯಿತು. ಓದಿದವರು ಅದನ್ನು ತಮ್ಮದೆನ್ನಲಿಲ್ಲ. ಎರಡನೆಯದು ಆಯ್ದಕ್ಕಿ ಮಾರಯ್ಯನ ಕಥೆ. ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದೇ ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಸತಿ ಲಕ್ಕಮ್ಮ ಅದನ್ನು ಒಲ್ಲೆನೆಂದು ಹಿಂದಕ್ಕೆ ಕಳುಹಿಸಿದಳು. ನೆಲದ ಮೇಲೆ ಬಿದ್ದುದೆಲ್ಲ ಆಯ್ದವನದಲ್ಲ ಎಂಬ ತತ್ತ್ವವನ್ನು ಎಂಟುನೂರು ವರ್ಷಗಳ ಹಿಂದೆ ಬಡ ಗೃಹಿಣಿಯೊಬ್ಬಳು ತಿಳಿದಿದ್ದಳು. ಅದಕ್ಕೆ ಯಾವ ಕಾಯಿದೆಯೂ ಬೇಕಾಗಿರಲಿಲ್ಲ.

ಪಾಠಶಾಲೆಯೊಂದು ಇದಕ್ಕಾಗಿ ಮಾಡಬೇಕಾದುದು ದೊಡ್ಡದೇನಲ್ಲ. ಹುಡುಗನೊಬ್ಬ ಜೇಬಿನಿಂದ ಕಿಲುಬು ಹಿಡಿದ ಕಾಸೊಂದನ್ನು ತೆಗೆದು ಮೇಜಿನ ಮೇಲಿಟ್ಟಾಗ ಉಪಾಧ್ಯಾಯರು ಗದರಿಸಕೂಡದು. ಉಜ್ಜಿ ಹೊಳಪಿಸಲೂ ಬಿಡಕೂಡದು, ಏಕೆಂದರೆ ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ ಕಿಲುಬಿನೊಡನೆ ಅಕ್ಷರವೂ ಹೋಗುತ್ತದೆ. ಒಂದು ಪುಸ್ತಕದಲ್ಲಿ ಹೊಲದ ಸರ್ವೆ ನಂಬರು, ಎಷ್ಟು ಆಳ, ಜೊತೆಗೆ ಏನೇನಿತ್ತು, ಯಾವ ದಿನ ಎಂಬುದನ್ನು ಬರೆಯಿಸಿ, ತಂದೆಯೊಡನೆ ತಾವೂ ತಾಲ್ಲೂಕು ಕಚೇರಿಗೆ ನಡೆದುಹೋಗಬೇಕು. ಉಪಾಧ್ಯಾಯರು ಜೊತೆಗಿದ್ದರೆ ರೈತನ ಅಂಜಿಕೆ ಅರ್ಧ ಇಳಿಯುತ್ತದೆ. ಊರಿನಲ್ಲಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳೂ, ವಿದ್ಯಾದಾನಕ್ಕೆ ಕೈನೀಡಿದ ಮಹನೀಯರೂ ತಮ್ಮ ತಮ್ಮ ಹಳ್ಳಿಗಳಲ್ಲಿ ಇಷ್ಟನ್ನು ನಡೆಸಿಕೊಟ್ಟರೆ ಅದು ಕಟ್ಟಡಕ್ಕಿಂತ ಕಡಿಮೆಯ ದಾನವಾಗದು.

ಚಾಂಪಿಯನ್ ರೀಫ್ಸಿನ ಆಳವಾದ ಸುರಂಗಗಳಲ್ಲಿ ಇಂದು ನೀರು ತುಂಬಿದೆ. ಅಲ್ಲಿಂದ ಮೇಲೆ ಬಂದ ಹೊನ್ನು ಎಲ್ಲಿದೆಯೆಂದು ಯಾರೂ ತೋರಿಸಲಾರರು. ಆದರೆ ಮುಂದಿನ ಮುಂಗಾರಿಗೆ ಆ ಸೀಮೆಯ ಯಾವುದೋ ಹೊಲದ ಸಾಲಿನಲ್ಲಿ ಒಂದು ಕಾಸು ಮೇಲಕ್ಕೆ ಬರುತ್ತದೆ. ರೈತ ಅದನ್ನು ಒರಸಿ ಮಗನ ಅಂಗೈಯಲ್ಲಿಡುತ್ತಾನೆ. ಆ ಬಾಲಕ ತಂದೆಯನ್ನು ಕೇಳುವ ಮೊದಲ ಮಾತು "ಇದು ಎಲ್ಲಿ ಸಿಕ್ಕಿತಪ್ಪಾ?" ಎಂದಾದರೆ, ಅವನಿಗೆ ಕಲಿಸಿದವರ ಶ್ರಮ ಸಾರ್ಥಕವಾಯಿತು.